ಗಣೇಶ ಹಬ್ಬದ ದನಿ, ಮೇ ತಿಂಗಳ ಶಿಬಿರ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗನೂ ಮನೆಯವರೂ ಒಪ್ಪಿದ್ದಾರೆ.

ಏಪ್ರಿಲ್ ಮೊದಲ ವಾರ. ಗದಗ ಸೀಮೆಯ ಒಂದು ಊರಿನಿಂದ ತಂದೆ, ತಾಯಿ, ಅಜ್ಜ ಮತ್ತು 14 ವರ್ಷದ ಹುಡುಗ ಬಂದರು. ಆಪ್ತಸಮಾಲೋಚನೆಯ ನನ್ನ ಕೋಣೆಯಲ್ಲಿ ಬಂದವರಿಗೆಂದು ಇರುವುದು ಮೂರೇ ಕುರ್ಚಿ. ಇನ್ನೊಂದು ತರಿಸುತ್ತೇನೆ ಎಂದರೂ ಹುಡುಗ ತಲೆಯಲ್ಲಾಡಿಸಿ ಬಾಗಿಲ ಪಕ್ಕ ನಿಂತೇ ಇದ್ದ.

ಮೇ ತಿಂಗಳಲ್ಲಿ 21 ದಿನಗಳ ಹಿಂದೂಸ್ತಾನಿ ಗಾಯನದ ವಸತಿ ಶಿಬಿರ. ಹಾಡಿದ ಧ್ವನಿಮುದ್ರಣ ಕಳುಹಿಸಬೇಕು, ಅದನ್ನು ಕೇಳಿ ಆರಿಸುತ್ತಾರೆ. ಇವನು ಆಯ್ಕೆಯಾಗಿದ್ದ, ಶುಲ್ಕವನ್ನೂ ಕಟ್ಟಿಯಾಗಿತ್ತು. ಆದರೆ ಮಾರ್ಚ್‌ನಿಂದ ಹುಡುಗನದು ಒಂದೇ ಹಟ, ಹೋಗುವುದಿಲ್ಲ. ಕಾರಣ ಮಾತ್ರ ದಿನಕ್ಕೊಂದು: ಹೊಟ್ಟೆನೋವು, ಗಂಟಲು ನೋವು, ಮುಂದಿನ ವರ್ಷದ ಹತ್ತನೇ ತರಗತಿ. ಕಿವಿ, ಮೂಗು, ಗಂಟಲಿನ ವೈದ್ಯರಿಗೂ ತೋರಿಸಿದ್ದರು. ‘ಏನೂ ಇಲ್ಲ, ವಯಸ್ಸು’ ಎಂದಿದ್ದರಂತೆ ಅವರು. ಮನೆಯವರ ಕಿವಿಗೆ ಬಿದ್ದದ್ದು ‘ಏನೂ ಇಲ್ಲ’ ಎಂಬಷ್ಟೇ.

ತಾಯಿಯ ಕೈಯಲ್ಲಿ ಎರಡು ಪುಟದ ಪಟ್ಟಿ ಇತ್ತು. ಹಾಸಿಗೆ ಹೊದಿಕೆ, ಒಳ ಉಡುಪು ಎಂಟು ಜೊತೆ, ಸೊಳ್ಳೆಯ ಮುಲಾಮು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಕಲ್ಲುಸಕ್ಕರೆ, ಜ್ಯೇಷ್ಠಮಧು. ‘ಎಲ್ಲ ತಯಾರಿ ಆಗಿದೆ ಮೇಡಂ, ಇವನೊಬ್ಬ ತಯಾರಾಗಿಲ್ಲ’ ಎಂದರು. ಮಠದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವ ಅಜ್ಜನೇ ಮೊಮ್ಮಗನ ಮೊದಲ ಗುರು. ಅವರು ಮಾತಾಡಲೇ ಇಲ್ಲ.

ಇಲ್ಲಿ ನಾನು ತಪ್ಪಿದೆ. ಮನೆ ಬಿಟ್ಟು ಇದ್ದು ಗೊತ್ತಿಲ್ಲದ ಮಗು, ಮೂರು ವಾರದ ಶಿಬಿರ: ಮನೆಯ ನೆನಪಿನ ಭಯ ಎಂದುಕೊಂಡೆ. ಇಂಥ ಮಕ್ಕಳಿಗೆ ಹೇಳುವುದನ್ನೇ ಹೇಳಿದೆ: ಎರಡು ರಾತ್ರಿ ಸೋದರತ್ತೆಯ ಮನೆಯಲ್ಲಿ ಇದ್ದು ಬಾ, ನಿನ್ನ ಬಟ್ಟೆ ನೀನೇ ಒಗೆದುಕೋ, ಮನೆಗೆ ಫೋನ್ ಒಂದೇ ಸಲ. ಹುಡುಗ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ಅತ್ತೆಯ ಮನೆಯಲ್ಲಿ ಚೆನ್ನಾಗಿ ಉಂಡ, ಚೆನ್ನಾಗಿ ನಿದ್ದೆ ಮಾಡಿದ. ತಿರುಗಿ ಬಂದು, ಶಿಬಿರಕ್ಕೆ ಹೋಗುವುದಿಲ್ಲ ಎಂದ.

ಎರಡನೇ ಭೇಟಿಯಲ್ಲಿ ಅವನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಮೊದಲ ಸಲವೇ ಗಮನಿಸಬೇಕಾಗಿದ್ದದ್ದು ಆಗ ಕಣ್ಣಿಗೆ ಬಿತ್ತು: ಅವನು ಮಾತನಾಡುತ್ತಲೇ ಇರಲಿಲ್ಲ. ಹೌದು, ಅಲ್ಲ ಎರಡಕ್ಕೂ ಕತ್ತು, ಅನಿವಾರ್ಯವಾದರೆ ಪಿಸುಮಾತು. ಶಿಬಿರದವರು ಕಳುಹಿಸಿದ್ದ ದಿನಚರಿಯನ್ನು ಮೇಜಿನ ಮೇಲೆ ಹರಡಿ, ಇದರಲ್ಲಿ ಯಾವ ಹೊತ್ತು ನಿನಗೆ ಬೇಡ ಎಂದು ಕೇಳಿದೆ. ರಾತ್ರಿಯ ಮೇಲೆ ಬೆರಳಿಡುತ್ತಾನೆ ಎಂದುಕೊಂಡಿದ್ದೆ. ಅವನ ಬೆರಳು ಹೋದದ್ದು ಮೊದಲ ದಿನದ ಹತ್ತು ಗಂಟೆಗೆ: ಪರಿಚಯ ಮತ್ತು ಗಾಯನ.

‘ನಾನು ಕಳುಹಿಸಿದ್ದು ಗಣೇಶ ಹಬ್ಬದ್ದು’ ಎಂದ. ಒಂದೇ ವಾಕ್ಯದಲ್ಲಿ ದನಿ ಎರಡು ಸಲ ಮುರಿಯಿತು.

ಓಣಿಯ ಪೆಂಡಾಲಿನಲ್ಲಿ ಹಾಡಿದ ಭೂಪ ರಾಗ ಅದು. ಆಗ ಅವನ ಶ್ರುತಿ (ಹಾಡಲು ‘ಸ’ ಇಟ್ಟುಕೊಳ್ಳುವ ಎತ್ತರ) ಕಾಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಆ ಮನೆಗೆ ಅಜ್ಜ ಸುಣ್ಣದ ಬೊಟ್ಟು ಇಟ್ಟಿದ್ದರು. ಸಂಕ್ರಾಂತಿಯ ಹೊತ್ತಿಗೆ ಹಾಡಿನ ಎರಡನೇ ಭಾಗವಾದ ಅಂತರಾದಲ್ಲಿ ತಾರ ಷಡ್ಜ, ಅಂದರೆ ಮೇಲಿನ ‘ಸ’, ಹಿಡಿಯಲು ಹೋದರೆ ದನಿ ಸೀಳತೊಡಗಿತು. ಅರ್ಜಿಯ ಕೊನೆಯ ದಿನ ಹತ್ತಿರವಿತ್ತು. ಅಪ್ಪ ಮೊಬೈಲಿನಲ್ಲಿದ್ದ ಹಳೆಯದನ್ನೇ ಕಳುಹಿಸಿದರು. ಹುಡುಗನ ಲೆಕ್ಕದಲ್ಲಿ ಅದು ಮೋಸ. ಗುರುಗಳು ಕೇಳಿ ಆರಿಸಿದ ಆ ಹುಡುಗ ಈಗ ಇಲ್ಲ. ಅವನ ಹೆಸರು ಹೇಳಿಕೊಂಡು ತಾನು ಹೋಗಿ ಕೂರಬೇಕು. ಅಜ್ಜನಿಗೂ ಹೇಳಿರಲಿಲ್ಲ. ಎರಡು ತಿಂಗಳಿಂದ ದಿನದ ಅಭ್ಯಾಸವಾದ ರಿಯಾಜ್‌ಗೆ ಕೂರದೆ ತಪ್ಪಿಸಿಕೊಂಡಿದ್ದ.

ದೇಹದ ಸಂಗತಿಯನ್ನು ನೇರವಾಗಿ ವಿವರಿಸಿದೆ. ಸಾಮಾನ್ಯವಾಗಿ 12ರಿಂದ 15ರ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನಷ್ಟು) ಕೆಳಗೆ ಇಳಿಯುತ್ತದೆ. ಹಳೆಯ ಅಳತೆಗೆ ಪಳಗಿದ ಸ್ನಾಯುಗಳು ಹೊಸ ಅಳತೆಗೆ ಹೊಂದಿಕೊಳ್ಳುವ ತನಕ ಈ ಸೀಳುವಿಕೆ ಇರುತ್ತದೆ. ಹಲವರಿಗೆ ಕೆಲವು ತಿಂಗಳು ಸಾಕು, ಕೆಲವರಿಗೆ ವರ್ಷ ದಾಟುತ್ತದೆ. ಈ ಕಾಲದಲ್ಲಿ ಹಳೆಯ ಎತ್ತರಕ್ಕೆ ದನಿಯನ್ನು ಒತ್ತಿ ಏರಿಸಬಾರದು. ಹಾಡಲೇಬಾರದು ಎಂದೇನೂ ಇಲ್ಲ. ಸಲೀಸಾಗಿ ನಿಲ್ಲುವಷ್ಟು ಸ್ವರಗಳಲ್ಲಿ ಮೆಲ್ಲಗೆ ಹಾಡಬಹುದು.

ಧೈರ್ಯ ತುಂಬಲೆಂದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮಾತು ತೆಗೆದೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳ್ಳನೆಯ, ಎತ್ತರದ ದನಿ. ಮುಂದೆ ಗಂಟಲಿನ ತೊಂದರೆ, ಅದರ ಚಿಕಿತ್ಸೆ, ದನಿ ಗಡುಸಾಯಿತು. ಜಗತ್ತು ತಲೆಬಾಗಿದ್ದು ಆ ಗಡುಸು ದನಿಗೆ. ಹುಡುಗ ಕೇಳಿಸಿಕೊಂಡು, ‘ಅವರು ದೊಡ್ಡವರು ಮೇಡಂ. ನನ್ನದು ಮೊದಲ ದಿನ ಹತ್ತು ಗಂಟೆಗೆ’ ಎಂದ. ಅವನು ಹೇಳಿದ್ದೇ ಸರಿ. ಹಿರಿಯರ ಕಥೆ ಹೇಳಿ ಮುಗಿಸಿಬಿಡುವುದು ನಮ್ಮ ವೃತ್ತಿಯವರ ಒಂದು ಸೋಮಾರಿತನ.

ಆಮೇಲೆ ನಾವು ಒಂದು ಪತ್ರ ಬರೆಯಲು ಕುಳಿತೆವು. ಬರೆದವನು ಅವನೇ, ನಾನು ಕಾಗುಣಿತವನ್ನೂ ತಿದ್ದಲಿಲ್ಲ. ‘ನಾನು ಕಳುಹಿಸಿದ್ದು ಹಳೆಯ ಧ್ವನಿ. ಜನವರಿಯಿಂದ ನನ್ನ ಧ್ವನಿ ಒಡೆದಿದೆ. ಈಗ ಭೂಪ ಹಾಡಲು ಆಗುವುದಿಲ್ಲ. ಬರಬಹುದೇ?’ ತಂದೆಗೆ ಇದು ಇಷ್ಟವಾಗಲಿಲ್ಲ. ‘ಬೇಡ ಎಂದು ಬಿಟ್ಟರೆ?’ ಎಂದರು. ಬೇಡ ಎಂದರೆ ಅದು ಈಗಲೇ ಗೊತ್ತಾಗಲಿ ಎಂದೆ. ಉತ್ತರ ನಾಲ್ಕು ದಿನಕ್ಕೆ ಬಂತು: ‘ಬಾ. ಒಡೆದ ದನಿಯವರು ಪ್ರತಿ ವರ್ಷ ಇರುತ್ತಾರೆ. ತಂಬೂರಿ ಶ್ರುತಿ ಮಾಡುವುದನ್ನು ಕಲಿತು ಬಾ.’

ಅಟ್ಟದ ಮೇಲೆ ಅಜ್ಜ ಎಂದೋ ಮೀರಜ್‌ನಲ್ಲಿ ಕೊಂಡ ತಂಬೂರಿ ಇತ್ತು. ಉಳಿದ ಎರಡು ವಾರ ಅಜ್ಜ, ಮೊಮ್ಮಗ ಅದರ ಧೂಳು ಒರೆಸಿ, ತಂತಿ ಬದಲಿಸಿ, ಕುದುರೆಯ (ತಂತಿಗಳು ಹಾದುಹೋಗುವ ಸೇತುವೆಯ) ಮೇಲೆ, ತಂತಿಯಡಿ ಇಡುವ ಜೀವದ ದಾರವನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಕಿವಿಗೊಟ್ಟು ಕುಳಿತರು. ಮೊದಲ ತಂತಿ ಪಂಚಮ (‘ಪ’), ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ, ಅಂದರೆ ಕೆಳಗಿನ ಷಡ್ಜ. ಗಂಟಲಿಗೆ ಕೆಲಸವಿಲ್ಲದ ರಿಯಾಜ್. ನನ್ನ ಯಾವ ಸಲಹೆಯೂ ಇಷ್ಟು ಕೆಲಸ ಮಾಡಿರಲಿಲ್ಲ.

ತಂದೆತಾಯಿಗೆ ಹೇಳಿದ್ದು ಬೇರೆ. ‘ಬೇಜಾರಾದರೆ ಒಂದು ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇವೆ’ ಎಂದು ಮಾತು ಕೊಡಬೇಡಿ. ತಾನು ಅಲ್ಲಿ ಇರಲಾರನೆಂದು ನೀವೇ ನಂಬಿದ್ದೀರಿ ಎಂದು ಮಗನಿಗೆ ಅನಿಸುತ್ತದೆ. ಮೊದಲ ಕಷ್ಟದ ರಾತ್ರಿಯೇ ಅವನ ಕಣ್ಣು ಫೋನಿನ ಮೇಲಿರುತ್ತದೆ. ಭಾನುವಾರ ಮಾತನಾಡಿದಾಗ ‘ಹಾಡಿದೆಯಾ?’ ಎಂದು ಕೇಳಬೇಡಿ, ‘ಏನು ಕೇಳಿದೆ?’ ಎಂದು ಕೇಳಿರಿ.

ಒಂದು ವಿಷಯವನ್ನು ತಾಯಿ ಕೇಳಲು ಸಂಕೋಚಪಟ್ಟರು, ನಾನೇ ಎತ್ತಿದೆ. ರಾತ್ರಿ ಮಕ್ಕಳ ಜೊತೆ ಯಾರು ಇರುತ್ತಾರೆ, ಹುಡುಗಿಯರ ಕೊಠಡಿಗಳು ಎಲ್ಲಿ, ಮನೆಯವರು ಯಾವ ಹೊತ್ತಿಗಾದರೂ ಬಂದು ನೋಡಬಹುದೇ ಎಂದು ಶಿಬಿರದವರನ್ನು ಬಾಯಿಬಿಟ್ಟು ಕೇಳಬೇಕು. ಹುಡುಗನಿಗೂ ಹೇಳಿದೆ: ಗುರುಗಳ ಕಾಲಿಗೆ ನಮಸ್ಕರಿಸುವುದು ಸರಿ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನೇ ಕಾಲು ಒತ್ತು ಎಂದರೆ ಅದು ಸೇವೆಯಲ್ಲ, ಎದ್ದು ಬಾ, ಯಾರಿಗಾದರೂ ಹೇಳು. ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಇರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ ಇದೆ. ಅಜ್ಜ ಮೊದಲ ಬಾರಿಗೆ ಮಾತನಾಡಿದರು: ‘ಇದನ್ನು ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ ನೋಡಿರಿ.’

ಜೂನ್‌ನಲ್ಲಿ ಹುಡುಗ ಮತ್ತು ಅಜ್ಜ ಮಾತ್ರ ಬಂದರು. ಎಲ್ಲ ಸುಸೂತ್ರವಾಗಿ ಆಗಿರಲಿಲ್ಲ. ಮೊದಲ ದಿನ ಅವನು ಹಾಡಲಿಲ್ಲ. ಒಬ್ಬ ಹುಡುಗ ‘ಕಪ್ಪೆ’ ಎಂದು ಹೆಸರಿಟ್ಟ, ಮೂರು ವಾರವೂ ಅದು ಹೋಗಲಿಲ್ಲ. ಐದನೇ ರಾತ್ರಿ ಅತ್ತನಂತೆ. ಸಮಾರೋಪದಲ್ಲಿ ಹಾಡಿದವರ ಹಿಂದೆ ತಂಬೂರಿ ಹಿಡಿದು ಕುಳಿತಿದ್ದ. ನೋಡಲು ಹೋಗಿದ್ದ ತಂದೆಗೆ ಅದರ ಬೇಸರ ಇನ್ನೂ ಇದೆ.

ಈಗ ಯಾವ ಶ್ರುತಿ ಎಂದು ಕೇಳಿದೆ. ಕಾಳಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ಓಡಾಡುತ್ತಿದೆ ಎಂದ, ಪಿಸುಗುಡದೆ. ಅಜ್ಜ ಹಾರ್ಮೋನಿಯಂನ ಹಳೆಯ ಸುಣ್ಣದ ಬೊಟ್ಟನ್ನು ಒರೆಸಿಬಿಟ್ಟಿದ್ದಾರೆ. ಹೊಸದನ್ನು ಇಡಲು ಹೋದರೆ ಮೊಮ್ಮಗ ಕೈ ಹಿಡಿದನಂತೆ: ‘ತಡೆ ಅಜ್ಜ, ಇನ್ನೂ ಇಳಿಯುತ್ತಿದೆ.’