ಮೇಸ್ತ್ರಿ ಉತ್ತರ: ಅಗ್ಗದ ಫಿಲ್ಟರ್, ದುಬಾರಿ ಇಂಜೆಕ್ಟರ್

ಪ್ರಶ್ನೆ: ಮೇಸ್ತ್ರಿಗಳೇ, ನನ್ನದು ಬಿಎಸ್ 4 (ಹೊಗೆ ನಿಯಮದ ನಾಲ್ಕನೇ ಹಂತ) ಲಾರಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್. ದಾವಣಗೆರೆ ಎಪಿಎಂಸಿಯಿಂದ ನಾಮಕ್ಕಲ್‌ನ ಕೋಳಿ ಫೀಡ್ ಮಿಲ್‌ಗಳಿಗೆ ಮೆಕ್ಕೆಜೋಳ ಹೊಡೆಯುತ್ತೇನೆ. ಡೀಸೆಲ್ ಫಿಲ್ಟರ್‌ಗೆ ಶೋರೂಮಿನಲ್ಲಿ ಒಂದು ರೇಟು, ಬಿಡಿಭಾಗದ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ, ಇನ್ನೊಂದು ಕಡೆ ಕಾಲು ಭಾಗಕ್ಕೇ ಕೊಡುತ್ತಾರೆ. ನೋಡೋಕೆ ಮೂರೂ ಒಂದೇ ಥರ. ಈಚೆಗೆ ಲೋಡಿನಲ್ಲಿ ಪಿಕಪ್ ಇಲ್ಲ. ಯಾವುದು ಹಾಕಿಸಲಿ?
– ಲಾರಿ ಮಾಲೀಕರು, ದಾವಣಗೆರೆ

ಉತ್ತರ: ಯಜಮಾನರೇ, ಕಾಲು ರೇಟಿನದನ್ನು ಮುಟ್ಟಬೇಡಿ. ಉಳಿದ ಎರಡರಲ್ಲಿ ಯಾವುದಾದರೂ ಆದೀತು. ಆದರೆ ನಡುವಿನದನ್ನು ಯಾರು ಮಾಡಿದ್ದಾರೆ ಅಂತ ನೋಡಿ ತಗೊಳ್ಳಿ.

ಲಾರಿ ಕಂಪನಿಗಳು ಎಲ್ಲಾ ಸಾಮಾನನ್ನೂ ತಾವೇ ಮಾಡುವುದಿಲ್ಲ. ಫಿಲ್ಟರ್, ಇಂಜೆಕ್ಟರ್, ಬೇರಿಂಗ್ ಇವನ್ನೆಲ್ಲ ಬಾಷ್, ಮಾಹ್ಲೆ, ಎಸ್‌ಕೆಎಫ್ ಥರದವರಿಂದ ಕೊಳ್ಳುತ್ತವೆ. ಅದೇ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ಲಾರಿ ಕಂಪನಿಯ ಹೆಸರಿಲ್ಲ ಅಂದಮಾತ್ರಕ್ಕೆ ಅದು ಡುಪ್ಲಿಕೇಟ್ ಅಲ್ಲ. ನಿಮ್ಮ ಹಳೆ ಫಿಲ್ಟರ್ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಅದಕ್ಕೆ ಸರಿಹೊಂದುವ ನಂಬರ್ ಯಾವುದು ಅಂತ ಕ್ಯಾಟಲಾಗ್‌ನಲ್ಲಿ ತೋರಿಸಿ ಅನ್ನಿ. ಥ್ರೆಡ್ ಕೂತುಬಿಟ್ಟರೆ ಸಾಲದು. ಒಳಗಿನ ಪೇಪರ್ ಎಷ್ಟು ಸಣ್ಣ ಕಸ ಹಿಡಿಯುತ್ತದೆ ಅನ್ನೋದು ಹೊರಗಿನಿಂದ ಕಾಣುವುದಿಲ್ಲ.

ಹಳೆ ಪಂಪಿನ ಲಾರಿಗಳು ಏನು ಹಾಕಿದರೂ ಓಡುತ್ತಿದ್ದವು, ಅದೇ ಧೈರ್ಯ ನಮ್ಮವರಿಗೆ ಇನ್ನೂ ಇದೆ. ಕಾಮನ್ ರೈಲ್‌ನಲ್ಲಿ ಡೀಸೆಲ್ ಒತ್ತಡ 1,600 ಬಾರ್ ದಾಟುತ್ತದೆ. ನಿಮ್ಮ ಟೈರಿನಲ್ಲಿರುವ ಗಾಳಿಯ ಇನ್ನೂರು ಪಟ್ಟು ಅಂತ ಇಟ್ಟುಕೊಳ್ಳಿ. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲು 70 ಮೈಕ್ರಾನ್ ಆಸುಪಾಸು. ಕಣ್ಣಿಗೇ ಕಾಣದ ಧೂಳು ಆ ಒತ್ತಡದಲ್ಲಿ ಉಕ್ಕನ್ನೇ ತಿಂದುಹಾಕುತ್ತದೆ. ನೀರು ಹೋದರೆ ತುಕ್ಕು. ಒಂದು ಇಂಜೆಕ್ಟರ್ ದುಡ್ಡಿಗೆ ಒಳ್ಳೆ ಫಿಲ್ಟರ್ ಎಷ್ಟು ಬರುತ್ತವೆ, ನೀವೇ ಲೆಕ್ಕ ಹಾಕಿ.

ಹೊಸ ಫಿಲ್ಟರ್ ಕೂರಿಸುವಾಗ ಹುಡುಗರು ಕ್ಯಾನಿನಿಂದ ನಡುವಿನ ತೂತಿಗೆ ಡೀಸೆಲ್ ಸುರಿಯುತ್ತಾರೆ. ಹಾಗೆ ಸುರಿಯೋಕೆ ಬಿಡಬೇಡಿ. ನಡುವಿನದು ಸೋಸಿದ ಡೀಸೆಲ್ ಹೊರಗೆ ಹೋಗುವ ದಾರಿ. ಅಲ್ಲಿ ಸುರಿದ ಕಸ ನೇರ ಪಂಪಿಗೆ. ಖಾಲಿಯೇ ಕೂರಿಸಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆಯಲಿ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಇನ್ನು ನಿಮ್ಮ ಪಿಕಪ್. ಇಂಜೆಕ್ಟರ್ ಬಿಚ್ಚಿ ಅಂತ ಯಾರಾದರೂ ಹೇಳಿದರೆ ಒಪ್ಪುವ ಮೊದಲು ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನಲ್ಲಿ ನಿಂತ ನೀರು ಹೊರಗೆ ಬಿಡಿ, ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊದ ಹೋಸ್ ಸೀಳಿದೆಯಾ ನೋಡಿ, ಏರ್ ಫಿಲ್ಟರ್ ತೆಗೆಯಿರಿ. ಮೆಕ್ಕೆಜೋಳದ ಹೊಟ್ಟು ತುಂಬಿಕೊಂಡಿರುತ್ತದೆ, ನನಗೆ ಅನುಮಾನ ಅದರ ಮೇಲೇ. ರೇಡಿಯೇಟರ್ ಜಾಲರಿಯಲ್ಲೂ ಅದೇ ಹೊಟ್ಟು ಕೂತಿರುತ್ತದೆ. ಏರ್ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಪೇಪರ್ ಹರಿಯುವವರೆಗೂ ಓಡಿಸುವವರಿದ್ದಾರೆ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರನ್ನಂತೂ ಊದಲೇಬೇಡಿ, ಬದಲಿಸಿ. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಮಣ್ಣು ಅಂಟಿತಾ? ಹಾಗಾದರೆ ಅದು ಇಂಜಿನ್ನಿಗೂ ಹೋಗಿದೆ.

ಅಂದಹಾಗೆ, ಖಾಲಿ ಡಬ್ಬಿಯನ್ನು ಹರಿದು ಬಿಸಾಕಿ. ಒಳ್ಳೆ ಕಂಪನಿಯ ಡಬ್ಬಿ ಗುಜರಿಗೆ ಹೋಗಿ, ಬೇರೆ ಮಾಲು ತುಂಬಿಕೊಂಡು ವಾಪಸ್ ಬರುತ್ತದೆ. ಹಾಲೋಗ್ರಾಂ ಇದೆ ಅಂತ ಸುಮ್ನೆ ನಂಬಬೇಡಿ. ಕೋಡ್ ಇದ್ದರೆ ಅಂಗಡಿಯಲ್ಲೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಅಂದ ಕೂಡಲೇ ಮುಖ ಸಣ್ಣ ಮಾಡಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ಎಲ್ಲದಕ್ಕೂ ಕಂಪನಿ ರೇಟು ಕೊಡಿ ಅನ್ನುತ್ತಿಲ್ಲ. ಮಡ್‌ಗಾರ್ಡ್, ಕನ್ನಡಿ, ಬಾಗಿಲ ಹ್ಯಾಂಡಲ್, ಇವಕ್ಕೆ ಲೋಕಲ್ ಮಾಲು ಧಾರಾಳವಾಗಿ ಸಾಕು.

ಪ್ರಶ್ನೆ: ಮೇಸ್ತ್ರಿ ಅಣ್ಣಾ, ನಾನು ಡ್ರೈವರ್. ನಮ್ಮ ಮಾಲೀಕರು ಎಡಗಡೆ ಬ್ರೇಕ್ ಲೈನರ್ ಮಾತ್ರ ಬದಲಿಸಿದ್ದಾರೆ, ಅದೂ ಹೆಸರಿಲ್ಲದ್ದು. ಬ್ರೇಕ್ ಹಿಡಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೇಳಿದರೆ ಕೇಳುವುದಿಲ್ಲ.
– ಡ್ರೈವರ್, ಚಳ್ಳಕೆರೆ

ಉತ್ತರ: ತಮ್ಮಾ, ಈ ಪುಟವನ್ನೇ ಅವರ ಕೈಗೆ ಕೊಡು. ಮಾಲೀಕರೇ, ಒಂದು ಆಕ್ಸಲ್‌ನ ಎರಡೂ ಕಡೆ ಒಂದೇ ಕಂಪನಿಯ ಲೈನರ್, ಒಂದೇ ದಿನ ಹಾಕಿಸಬೇಕು. ಎರಡು ಥರದ ಲೈನರ್ ಎರಡು ಥರ ಹಿಡಿಯುತ್ತವೆ. ಗಾಡಿ ಎಳೆಯುವುದಕ್ಕೆ ಅದೇ ಕಾರಣ ಇರಬಹುದು, ಲೈನರ್‌ಗೂ ಡ್ರಮ್ಮಿಗೂ ನಡುವಿನ ಸಂದು ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಕೂಡ ನೋಡಿಸಿ. ಅಗ್ಗದ ಲೈನರ್ ಊರೊಳಗೆ ಚೆನ್ನಾಗಿಯೇ ಹಿಡಿಯುತ್ತದೆ, ಇಳಿಜಾರಿನಲ್ಲಿ ಕಾದ ಮೇಲೆ ಕೈಕೊಡುತ್ತದೆ. ಧರ್ಮಪುರಿ ದಾಟಿ ಸೇಲಂಗೆ ಇಳಿಯುವ ತೊಪ್ಪೂರು ಘಾಟಿನಲ್ಲಿ ಬ್ರೇಕ್ ಸಿಗದ ಲಾರಿಗಳು ಮುಂದಿನ ಗಾಡಿಗಳಿಗೆ ಗುದ್ದಿದ್ದು ಒಂದೆರಡು ಸಲವಲ್ಲ. ಡ್ರಮ್ ಎಷ್ಟರವರೆಗೆ ಸವೆಯಬಹುದು ಅನ್ನೋ ಅಳತೆ ಇರುತ್ತದೆ. ಅದು ಮೀರಿದ್ದರೆ ಲೇತಿಗೆ ಕೊಟ್ಟು ಕೆತ್ತಿಸಬೇಡಿ, ಹೊಸದು ಹಾಕಿ.

ನಿನಗೂ ಒಂದು ಮಾತು ತಮ್ಮಾ. ಡೀಸೆಲ್ ಉಳಿಸೋಕೆ ಘಾಟಿನಲ್ಲಿ ನ್ಯೂಟ್ರಲ್ ಹಾಕಿ ಇಳಿಯುವ ಚಟ ಇದ್ದರೆ ಯಾವ ಕಂಪನಿ ಲೈನರೂ ಉಳಿಸಲ್ಲ. ಮಾಲೀಕರು ಅಷ್ಟಾದರೂ ಬದಲಿಸದಿದ್ದರೆ ಲೋಡ್ ಹತ್ತಿಸಬೇಡ.

ಪ್ರಶ್ನೆ: ಬಿಎಸ್ 6 ಗಾಡಿಯ ಡಿಇಎಫ್‌ಗೆ ಮನೆಯಲ್ಲಿರುವ ಯೂರಿಯಾ ಕರಗಿಸಿ ಹಾಕಬಹುದಾ?
– ಹಿರಿಯೂರಿನಿಂದ ಒಬ್ಬರು

ಉತ್ತರ: ಬೇಡ. ಡಿಇಎಫ್ ಅಂದರೆ ಹೊಗೆಯ ವಿಷ ಕಡಿಮೆ ಮಾಡೋಕೆ ಸೈಲೆನ್ಸರ್ ಕಡೆ ಚಿಮ್ಮಿಸುವ ದ್ರವ; ಅದರಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ, ನಮ್ಮ ಬೋರ್ ನೀರಿನಲ್ಲಿ ಸುಣ್ಣ. ಎರಡೂ ಸೇರಿ ನಾಝಲ್ ಕಟ್ಟುತ್ತದೆ, ಸೈಲೆನ್ಸರ್‌ನ ಕ್ಯಾಟಲಿಸ್ಟ್ ಹಾಳು. ಸೀಲ್ ಇರುವ ಕ್ಯಾನ್, ಐಎಸ್‌ಒ 22241 ಅಂತ ಬರೆದಿರುವುದನ್ನೇ ತಗೊಳ್ಳಿ. ಯೂರಿಯಾ ಜೋಳಕ್ಕೇ ಹಾಕಿ.