ಓದುಗರ ಪ್ರಶ್ನೆ: ಚಾಂಗಿ ಜೈಲಿನ ಕೌದಿಗಳು

ಪ್ರಶ್ನೆ: ಮೇಡಂ, ನನ್ನ ಮಗಳು ಸಿಂಗಪುರದಲ್ಲಿದ್ದಾಳೆ. ಅಲ್ಲಿನ ಚಾಂಗಿ ಜೈಲಿನಲ್ಲಿ ಯುದ್ಧದ ಕಾಲಕ್ಕೆ ಜಪಾನಿನವರು ಹೆಂಗಸರನ್ನು ಕೂಡಿಹಾಕಿದ್ದರಂತೆ, ಅವರು ಹೊಲಿದ ಕೌದಿಗಳು ಈಗಲೂ ಇವೆಯಂತೆ. ನಮ್ಮ ಜಾಲಹಳ್ಳಿಯಲ್ಲಿ ಇಟಲಿಯ ಕೈದಿಗಳಿದ್ದರಲ್ಲ, ಅದೇ ಥರವೇ? ಜೈಲಲ್ಲಿ ಕೂತು ಕೌದಿ ಯಾಕೆ ಹೊಲಿದರು?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅದೇ ಥರ ಅಲ್ಲಮ್ಮ. ಜಾಲಹಳ್ಳಿಯಲ್ಲಿದ್ದವರು ಸೈನಿಕರು. ಯುದ್ಧಕೈದಿಗಳ ಊಟ, ಕಾಗದಪತ್ರಕ್ಕೆ 1929ರ ಜಿನೀವಾ ಒಪ್ಪಂದವಾದರೂ ಇತ್ತು. ಚಾಂಗಿಯ ಹೆಂಗಸರು ಬಂದೂಕು ಹಿಡಿದವರಲ್ಲ, ಶತ್ರುದೇಶದ ಪ್ರಜೆಗಳು, ಅಷ್ಟೇ. ಅಂಥವರಿಗೆಂದೇ ಒಂದು ಒಪ್ಪಂದ ಆದದ್ದು 1949ರಲ್ಲಿ. (ಜಪಾನಿನವರು ಮಾತ್ರ ಹೀಗೆ ಮಾಡಿದರು ಅಂದುಕೊಳ್ಳಬೇಡಿ. ಸಿಂಗಪುರ, ಮಲಯದಲ್ಲಿದ್ದ ಜಪಾನಿ ಸಂಸಾರಗಳನ್ನು ಬ್ರಿಟಿಷರು ದಿಲ್ಲಿಯ ಪುರಾನಾ ಕಿಲಾಕ್ಕೆ ತಂದು ಇಟ್ಟಿದ್ದರು.)

ಸಿಂಗಪುರ ಬಿದ್ದದ್ದು 1942ರ ಫೆಬ್ರವರಿ 15ಕ್ಕೆ. ಮಾರ್ಚ್‌ನಲ್ಲಿ ಹೆಂಗಸರು ಮಕ್ಕಳನ್ನು ಅದೇ ಊರಿನ ಕಾಟೋಂಗ್ ಬಡಾವಣೆಯಿಂದ ಬಿಸಿಲಲ್ಲಿ ಚಾಂಗಿಯವರೆಗೆ ನಡೆಸಿಕೊಂಡು ಹೋದರು. ಸುಮಾರು 600 ಕೈದಿಗಳಿಗೆಂದು ಕಟ್ಟಿದ ಜೈಲು. ಗಂಡಸರು ಹೆಂಗಸರು ಸೇರಿ ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ. ಹೆಂಗಸರ ವಿಭಾಗ ಬೇರೆ. ಎಷ್ಟೋ ಜನರ ಗಂಡಂದಿರು ಸೈನ್ಯದವರು, ಹತ್ತಿರದಲ್ಲೇ ಇದ್ದ ಬ್ಯಾರಕ್ಕುಗಳಲ್ಲಿ ಸೆರೆಯಾಗಿದ್ದರು. ಬದುಕಿದ್ದಾರೋ ಇಲ್ಲವೋ ಹೇಳುವವರಿಲ್ಲ, ಕೇಳುವ ಹಾಗೂ ಇಲ್ಲ.

ಆಗ ಎಥೆಲ್ ಮಲ್ವಾನಿ ಎಂಬ ಕೆನಡಾದ ಹೆಂಗಸು ಉಪಾಯ ಹುಡುಕಿದಳು. ಸೈನ್ಯದ ಆಸ್ಪತ್ರೆಯ ಗಾಯಾಳುಗಳಿಗೆ ಕೌದಿ ಹೊಲಿದು ಕಳಿಸೋಣ ಎಂದಳು. ಒಬ್ಬೊಬ್ಬರಿಗೆ ಒಂದು ಚೌಕ. ಅದರ ಮೇಲೆ ಏನಾದರೂ ಕಸೂತಿ ಮಾಡಿ ತಮ್ಮ ಹೆಸರು ಹಾಕಬೇಕು. ಅಂಥ 66 ಚೌಕ ಜೋಡಿಸಿದರೆ ಒಂದು ಕೌದಿ. ಆಸ್ಪತ್ರೆಯಲ್ಲಿ ಯಾರಾದರೂ ಹೆಸರು ಓದುತ್ತಾರೆ, ಬಾಯಿಂದ ಬಾಯಿಗೆ ಸುದ್ದಿ ಗಂಡನಿಗೆ ಮುಟ್ಟುತ್ತದೆ. ನಿಮ್ಮ ‘ಯಾಕೆ’ಗೆ ಇದೇ ಉತ್ತರ. ಅದು ಹೊದಿಕೆಯಲ್ಲ, ಟಪಾಲು. ಒಬ್ಬಾಕೆ ನೀಲಿ ರಿಬ್ಬನ್ ಕಟ್ಟಿದ ಮರಿಮೊಲವನ್ನು ಹೊಲಿದಳು. ಗಂಡುಮಗು ಹುಟ್ಟಿದೆ ಎಂದು ಗಂಡನಿಗೆ ತಿಳಿಸಲು ಅನ್ನುತ್ತಾರೆ. ಚಾಮರಾಜಪೇಟೆಯಲ್ಲಿ ಹೊಲಿಗೆ ಕಲಿತವಳು ನಾನು. ಆ ಚೌಕಗಳ ಚಿತ್ರ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕೈಗಳ ಅಂತರ: ಕೆಲವರದ್ದು ಪಳಗಿದ ಕೈ, ಕೆಲವರು ಸೂಜಿ ಹಿಡಿದದ್ದೇ ಅಪರೂಪ ಅನ್ನುವಂತಿದೆ.

ಕೌದಿಗಳು ಮೂರು: ಬ್ರಿಟಿಷರಿಗೆ, ಆಸ್ಟ್ರೇಲಿಯನ್ನರಿಗೆ, ಮೂರನೆಯದು ಜಪಾನಿ ಗಾಯಾಳುಗಳಿಗೆ! ಔದಾರ್ಯವೋ ಜಾಣತನವೋ? ಜಾಣತನವೇ ಎಂದು ನನ್ನ ಎಣಿಕೆ. ಮೂರನೆಯದನ್ನು ಕೊಡದೆ ಮೊದಲೆರಡು ಹೊರಗೆ ಹೋಗುತ್ತಿದ್ದವೇ? ಅದರ ಬೆನ್ನಿಗೆ ಹಾಕಿದ ಇಸವಿ 2602, ಜಪಾನಿನ ಲೆಕ್ಕದ 1942. ಜೊತೆಗೆ ಡ್ರೈಕ್ಲೀನ್ ಮಾಡಿಸುವುದು ಒಳ್ಳೆಯದು ಎಂಬ ಸಲಹೆ ಬೇರೆ! ಗಂಜಿಗೆ ಪರದಾಡುವವರು ಕಾವಲುಗಾರರಿಗೆ ಕೊಟ್ಟ ಸಲಹೆ. ಬ್ರಿಟಿಷ್ ಕೌದಿ ಲಂಡನ್ನಿನ ರೆಡ್‌ಕ್ರಾಸ್ ಬಳಿ ಇದೆ, ಉಳಿದೆರಡು ಕ್ಯಾನ್ಬೆರಾದ ಯುದ್ಧ ಸ್ಮಾರಕದಲ್ಲಿ. ಮಗಳಿಗೆ ತಿಳಿಸಿ, ಮೂಲ ಕೌದಿ ಸಿಂಗಪುರದಲ್ಲಿಲ್ಲ.

ಮುಂದಿನದು ಕಠಿಣ. 1943ರ ಸೆಪ್ಟೆಂಬರಿನಲ್ಲಿ ಸಿಂಗಪುರದ ಬಂದರಿನಲ್ಲಿ ಹಡಗುಗಳು ಸ್ಫೋಟಗೊಂಡವು. ಮಾಡಿದವರು ಆಸ್ಟ್ರೇಲಿಯಾದಿಂದ ಗುಟ್ಟಾಗಿ ಬಂದವರು. ಜಪಾನಿ ಮಿಲಿಟರಿ ಪೊಲೀಸರ ಅನುಮಾನ ಮಾತ್ರ ಜೈಲಿನವರ ಮೇಲೆ. ಅಕ್ಟೋಬರ್ 10ರಂದು ಜೈಲನ್ನು ಜಾಲಾಡಿ, ಆಮೇಲೆ ಒಟ್ಟು 57 ಮಂದಿಯನ್ನು ಒಯ್ದರು. 15 ಮಂದಿ ಸತ್ತರು. ಡಾಕ್ಟರ್ ಸಿಸಿಲಿ ವಿಲಿಯಮ್ಸ್‌ರನ್ನೂ ಒಯ್ದಿದ್ದರು. ಊಟದಲ್ಲಿ ಪ್ರೋಟೀನ್ ಸಾಲದೆ ಮಕ್ಕಳಿಗೆ ಬರುವ ಕ್ವಾಶಿಯೋರ್ಕರ್ ರೋಗವನ್ನು ಲೋಕಕ್ಕೆ ತಿಳಿಸಿದ ವೈದ್ಯೆ ಇವರೇ. ಬದುಕಿ ಬಂದು, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ತಾಯಿ–ಮಕ್ಕಳ ವಿಭಾಗ ನಡೆಸಿದರು. 1944ರ ಮೇನಲ್ಲಿ ನಾಗರಿಕರನ್ನೆಲ್ಲ ಸೈಮ್ ರೋಡ್ ಶಿಬಿರಕ್ಕೆ ಸಾಗಿಸಿದರು. ಬಿಡುಗಡೆ ಅಲ್ಲಿಂದಲೇ, 1945ರಲ್ಲಿ.

ಪ್ರಶ್ನೆ: ಅಲ್ಲಿದ್ದ ನಮ್ಮವರನ್ನೂ ಹೀಗೆ ಹಿಡಿದಿಟ್ಟರೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಭಾರತೀಯ ನಾಗರಿಕರನ್ನು ಹಾಗೆ ಸಾರಾಸಗಟಾಗಿ ಹಿಡಿಯಲಿಲ್ಲ. ಅವರ ಬೆಂಬಲ ಜಪಾನಿಗೆ ಬೇಕಿತ್ತು. ಮೇಲೆ ಹೇಳಿದ ಅಕ್ಟೋಬರ್ ಇದೆಯಲ್ಲ, ಅದೇ ತಿಂಗಳ 21ಕ್ಕೆ ಅದೇ ಊರಲ್ಲಿ ಸುಭಾಷ್ ಬೋಸರು ಆಜಾದ್ ಹಿಂದ್ ಸರ್ಕಾರ ಘೋಷಿಸಿದರು. ಪಾಠ ಹೇಳುವಾಗ ಈ ಎರಡು ತಾರೀಕುಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯುತ್ತಿದ್ದೆ, ಕ್ಲಾಸಿನಲ್ಲಿ ಜಗಳವೇ ಆಗುತ್ತಿತ್ತು. ಹಾಗಂತ ನಮ್ಮವರೆಲ್ಲ ಸುಖವಾಗಿದ್ದರು ಅಂತಲ್ಲ. ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಗಳನ್ನು ಜಪಾನಿನವರು ತಾವು ಹಾಕಿಸುತ್ತಿದ್ದ ಬರ್ಮಾ ರೈಲುದಾರಿಯ ಕೆಲಸಕ್ಕೆ ಒಯ್ದರು, ಸಾವಿರಾರು ಮಂದಿ ವಾಪಸು ಬರಲಿಲ್ಲ. ಅವರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ಮನೆ ಹಿರಿಯರು ಮಲಯದಿಂದ ತಂದ ಕಾಗದ, ಫೋಟೋ ಇದ್ದರೆ ಜೆರಾಕ್ಸ್ ಮಾಡಿಸಿ ಕಳಿಸಿ. ಮೂಲಪ್ರತಿ ದಯವಿಟ್ಟು ಬೇಡ.