ಮಾತ್ರೆ ಬಿಟ್ಟಾಯ್ತು, ನಿದ್ದೆ ಯಾವಾಗ ಬರುತ್ತೆ?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ನೋವಿಗೆ ಅಂತ ಟ್ರಮಡಾಲ್ ಶುರುವಾಯಿತು. ನೋವು ಹೋದರೂ ಮಾತ್ರೆ ಹೋಗಲಿಲ್ಲ, ದಿನಕ್ಕೆ ಎರಡು ಇದ್ದದ್ದು ಎಂಟು, ಹತ್ತಾಯಿತು. ಬಿಟ್ಟು ಈಗ ಒಂದು ತಿಂಗಳಾಗುತ್ತಾ ಬಂತು. ಭೇದಿ, ಮೈಕೈ ನೋವು, ಮೂಗು ಸೋರುವುದು ಎಲ್ಲ ನಿಂತಿದೆ. ನಿದ್ದೆ ಮಾತ್ರ ಇಲ್ಲ. ಹನ್ನೊಂದಕ್ಕೆ ಮಲಗಿದರೆ ಮೂರರವರೆಗೂ ಹೊರಳಾಟ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಒಂದೇ ಒಂದು ಸಲ ಹಳೇ ಮಾತ್ರೆ ತಗೊಂಡು ಮಲಗಿಬಿಡೋಣ ಅನ್ನಿಸುತ್ತೆ. ಗೆಳೆಯನೊಬ್ಬ ಅಲ್‌ಪ್ರಜೋಲಮ್ ಅನ್ನೋ ಮಂಪರು ಬರಿಸುವ ಮಾತ್ರೆ ತಂದುಕೊಡ್ತೀನಿ ಅಂತಾನೆ. ತಗೊಳ್ಳಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಗೋಬೇಡಿ. ಎರಡನ್ನೂ.

ಮೊದಲು ಹಳೇ ಮಾತ್ರೆಯ ವಿಷಯ. ಹತ್ತು ಮಾತ್ರೆ ತಡೆದುಕೊಳ್ಳುತ್ತಿದ್ದ ನಿಮ್ಮ ದೇಹ ಈಗ ಆ ಅಭ್ಯಾಸ ಕಳೆದುಕೊಂಡಿದೆ. ಒಂದು ಅಂತ ಶುರುಮಾಡಿ ಹಳೇ ಲೆಕ್ಕಕ್ಕೆ ಹೋದರೆ ಫಿಟ್ಸ್ ಬರಬಹುದು, ಉಸಿರೇ ನಿಲ್ಲಬಹುದು. ಬಿಟ್ಟು ಕೆಲವು ವಾರ ಆದವರು ಮತ್ತೆ ತಗೊಂಡಾಗಲೇ ಪ್ರಾಣಕ್ಕೆ ಅಪಾಯ ಜಾಸ್ತಿ. ಅಲ್‌ಪ್ರಜೋಲಮ್‌ಗೂ ಬೇಗ ಚಟ ಹತ್ತುತ್ತದೆ, ಎರಡೂ ಸೇರಿದರಂತೂ ಉಸಿರಾಟ ಇನ್ನೂ ಕುಗ್ಗುತ್ತದೆ. ಮದ್ಯ ಸೇರಿದರೂ ಇದೇ ಕಥೆ. ನಿದ್ದೆಗೆ ಅಂತ ಕೆಮ್ಮಿನ ಸಿರಪ್ಪೂ ಬೇಡ, ಕೆಲವದರಲ್ಲಿ ಕೊಡೀನ್ ಇರುತ್ತದೆ, ಅದು ನೀವು ಬಿಟ್ಟ ಮಾತ್ರೆಯ ಜಾತಿಯದ್ದೇ.

ಇನ್ನು ನಿದ್ದೆ ಯಾಕಿಲ್ಲ ಅಂದರೆ, ನಮ್ಮನ್ನು ಎಚ್ಚರವಾಗಿಡಲು ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಇದೆ. ನಿಮ್ಮ ಟ್ರಮಡಾಲ್‌ನಂಥ ಅಫೀಮು ಜಾತಿಯ ಔಷಧಗಳು ಅದನ್ನು ಬಿಡುಗಡೆ ಮಾಡುವ ನರಕೋಶಗಳನ್ನು ಅದುಮಿಡುತ್ತವೆ. ದಿನಾ ಅದುಮಿದರೆ ಅವೂ ಹಠಕ್ಕೆ ಬಿದ್ದು ಜಾಸ್ತಿ ಕೆಲಸ ಮಾಡಲು ಕಲಿಯುತ್ತವೆ. ಮಾತ್ರೆ ನಿಂತಾಗ ತಡೆಯೋರಿಲ್ಲ, ಹಾಗಾಗಿ ಎದೆ ಡವಡವ, ಬೆವರು, ನಿದ್ದೆಗೇಡು. ಮೈ ನೋವು, ಭೇದಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ, ನಿದ್ದೆ ಸರಿಹೋಗಲು ಎಷ್ಟೋ ವಾರ, ಕೆಲವರಿಗೆ ತಿಂಗಳುಗಳೇ ಬೇಕು. ನಿಮಗೇನೋ ಶಾಶ್ವತವಾಗಿ ಕೆಟ್ಟುಹೋಗಿದೆ ಅಂತ ರಾತ್ರಿ ಮೂರು ಗಂಟೆಗೆ ಅನ್ನಿಸುತ್ತದಲ್ಲ, ಅದನ್ನು ನಂಬಬೇಡಿ.

ಮಲಗುವ ಹೊತ್ತು ನಿಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ಇದೆ. ರಾತ್ರಿ ಎರಡೇ ಗಂಟೆ ನಿದ್ದೆ ಆಗಿರಲಿ, ಬೆಳಿಗ್ಗೆ ಆರಕ್ಕೆ ಅಂದರೆ ಆರಕ್ಕೇ ಎದ್ದು ಬಿಸಿಲಿಗೆ ಬನ್ನಿ. ಭಾನುವಾರವೂ ಅಷ್ಟೇ. ಊಟ ಆದ ಮೇಲೆ ಮಧ್ಯಾಹ್ನ ಕಣ್ಣು ಎಳೆಯುತ್ತದೆ, ಆಗ ಮಲಗಿದರೆ ರಾತ್ರಿಯದ್ದನ್ನು ಹಗಲೇ ಖರ್ಚು ಮಾಡಿದ ಹಾಗೆ. ಕಾಫಿ, ಟೀ ಮಧ್ಯಾಹ್ನದ ಮೇಲೆ ಬೇಡ. ಹನ್ನೊಂದಕ್ಕೇ ಹಾಸಿಗೆಗೆ ಹೋಗಲೇಬೇಕು ಅಂತಿಲ್ಲ, ಕಣ್ಣು ತೂಗಿದಾಗಲೇ ಹೋಗಿ. ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೂ ನಿದ್ದೆ ಬರಲಿಲ್ಲವಾ, ಎದ್ದು ಹಾಲ್‌ಗೆ ಬಂದು ಮಂದ ಬೆಳಕಿನಲ್ಲಿ ಕೂತು ಬಟ್ಟೆ ಮಡಚಿ, ಹಳೇ ಪೇಪರ್ ಓದಿ, ನಿದ್ದೆ ಎಳೆದಾಗ ಮತ್ತೆ ಹೋಗಿ. ಮೊಬೈಲ್ ಹಿಡಿಯಬೇಡಿ, ಗಡಿಯಾರವನ್ನೂ ಗೋಡೆ ಕಡೆ ತಿರುಗಿಸಿಡಿ. ಮೊದಲ ವಾರ ಇದರಿಂದ ಸುಸ್ತು ಜಾಸ್ತಿಯೇ ಆಗುತ್ತದೆ, ಆ ದಿನಗಳಲ್ಲಿ ಬೈಕ್ ಓಡಿಸಬೇಡಿ.

ಕಾಲಿನ ಚಡಪಡಿಕೆ ಸುಮ್ನೆ ಸಹಿಸಿಕೊಳ್ಳುವಂಥದ್ದಲ್ಲ. ರಕ್ತದಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದಂಶ ಕಡಿಮೆಯಿದ್ದರೆ ಕಾಲು ಹೀಗೆ ಕಾಡುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಮಂಪರು ಬರಿಸುವ ನೆಗಡಿ, ಅಲರ್ಜಿ ಮಾತ್ರೆಗಳು ಇದನ್ನು ಹೆಚ್ಚಿಸಬಹುದು. ಕಾಲಿಗೆ ಬಿಸಿನೀರು, ಸಂಜೆ ಒಂದಿಷ್ಟು ನಡಿಗೆ, ಕೆಲವರಿಗೆ ಇಷ್ಟರಲ್ಲೇ ಎಷ್ಟೋ ಹಗುರವಾಗುತ್ತದೆ.

ನಿಮ್ಮ ಪತ್ರದಲ್ಲಿ ಯಾವ ಡಾಕ್ಟರ ಹೆಸರೂ ಇಲ್ಲ, ಒಬ್ಬರೇ ಬಿಟ್ಟಿದ್ದೀರಿ ಅನ್ನಿಸುತ್ತದೆ. ದೊಡ್ಡ ಕೆಲಸವೇ ಮಾಡಿದ್ದೀರಿ, ಆದರೆ ಇನ್ನು ಒಬ್ಬರೇ ಬೇಡ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಆಸೆ ತಡೆಯಲು ಆಗದವರಿಗೆ ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುತ್ತಾರೆ. ಅದೂ ಅಫೀಮು ಜಾತಿಯದ್ದೇ, ಆದರೆ 'ಒಂದು ಬಿಟ್ಟು ಇನ್ನೊಂದು ಹಿಡಿದ' ಅನ್ನೋ ಮಾತಿಗೆ ಹೆದರಬೇಡಿ, ಡಾಕ್ಟರ ಕಣ್ಣೆದುರು ಲೆಕ್ಕ ಹಾಕಿ ಕೊಡುವ ಔಷಧ ಅದು.

ನಡುರಾತ್ರಿ ಆಸೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಸ್ಪತ್ರೆಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ನೀವು ಗೊರಕೆ ಹೊಡೆಯುತ್ತೀರಾ, ಮಲಗಿದಾಗ ಉಸಿರು ನಡುನಡುವೆ ನಿಲ್ಲುತ್ತಾ ಅಂತ ಡಾಕ್ಟರು ಕೇಳಿದರೆ ಮನೆಯವರೇ ಹೇಳಬೇಕು.